ತೆಂಗಿನ ಮರ, ಕಾಯಿ ಮತ್ತು ಕ್ಯಾಪಿಟಲ್ ಗೇನ್ಸ್

ಜುಲೈ ಬಂತು ಅಂದ್ರೆ ನಮ್ಮ ಆಫೀಸಿನ ಕೆಫೆಟೇರಿಯಾದಲ್ಲಿ ಕ್ರಿಕೆಟ್ ಮಾತು ಕಮ್ಮಿಯಾಗಿ ಐಟಿಆರ್ ಮಾತು ಜಾಸ್ತಿಯಾಗುತ್ತೆ. ಫಾರಂ 16 ಬಂತಾ, ಹೊಸ ರೆಜಿಮಾ ಹಳೇದಾ, ರೀಫಂಡ್ ಎಷ್ಟು ಅಂತ. ಈಚೆಗೆ ಇದರ ಜೊತೆ ಇನ್ನೊಂದು ವಿಷಯ ಸೇರಿಕೊಂಡಿದೆ. ಹತ್ತು ಹನ್ನೆರಡು ವರ್ಷದ ಹಿಂದೆ ಸಾಲ ಮಾಡಿ ಊರಾಚೆ ಒಂದು ಟೂ ಬಿಎಚ್‌ಕೆ ಕೊಂಡವರು, ಆಮೇಲೆ ಆಫೀಸಿಗೆ ಹತ್ತಿರ ಇನ್ನೊಂದು ಮನೆ ಮಾಡಿಕೊಂಡವರು, ಈಗ ಮೊದಲನೇದನ್ನು ಮಾರುತ್ತಿದ್ದಾರೆ. ಮಾರಿದ ಮೇಲೆ ಎಲ್ಲರದ್ದೂ ಒಂದೇ ಪ್ರಶ್ನೆ. ಸಂಬಳಕ್ಕೆ ತೆರಿಗೆ ಕಟ್ಟಿ, ಉಳಿದ ದುಡ್ಡಲ್ಲಿ ಇಎಂಐ ಕಟ್ಟಿ ಮಾಡಿಕೊಂಡ ಮನೆ. ಅದನ್ನ ಮಾರಿದ್ರೆ ಮತ್ತೆ ಯಾಕೆ ತೆರಿಗೆ?

ಮನೆ ಮಾರಿದವರಿಗೆ ಐಟಿಆರ್-1 ನಡೆಯಲ್ಲ. ಸಂಬಳದವರಾದರೆ ಐಟಿಆರ್-2 ತುಂಬಬೇಕು, ಅದರಲ್ಲಿ ‘ಶೆಡ್ಯೂಲ್ ಸಿಜಿ’ ಅಂತ ಒಂದು ಭಾಗ ಇದೆ. ಮಾರಿದ ಬೆಲೆ, ಸ್ಟ್ಯಾಂಪ್ ಡ್ಯೂಟಿಗೆ ಹಿಡಿದ ಬೆಲೆ, ಕೊಂಡ ಬೆಲೆ, ಇಂಡೆಕ್ಸ್ ಮಾಡಿದ ಬೆಲೆ, ವಿನಾಯಿತಿ ಅಂತ ಸಾಲು ಸಾಲು ಖಾನೆಗಳು. ಹಳೇ ಕೋಡ್ ಓದುವಾಗ ಒಂದು ವಿಚಿತ್ರ ‘ಇಫ್’ ಕಂಡೀಷನ್ ಸಿಕ್ಕಿದರೆ, ಯಾವಾಗಲೋ ಯಾರೋ ಏನೋ ಒದ್ದಾಡಿದ್ದಾರೆ ಅಂತ ನಮಗೆ ಗೊತ್ತಾಗುತ್ತಲ್ಲ, ಇದೂ ಹಾಗೆಯೇ. ಆ ಒಂದೊಂದು ಖಾನೆಯ ಹಿಂದೆಯೂ ಒಂದೊಂದು ಜಗಳ ಇದೆ. ಎಲ್ಲಾ ಜಗಳದ ಬುಡದಲ್ಲಿ ಇರೋದು ಮಾತ್ರ ಒಂದೇ ಪ್ರಶ್ನೆ: ಮನೆಯ ಬೆಲೆ ಏರಿದಾಗ ಅದರಲ್ಲಿ ನಿಜವಾದ ಲಾಭ ಎಷ್ಟು, ರೂಪಾಯಿ ಸವೆದಿದ್ದು ಎಷ್ಟು?

ನಮ್ಮ ದೇಶಕ್ಕೆ ಆದಾಯ ತೆರಿಗೆ ಬಂದಿದ್ದು 1860ರಲ್ಲಿ. 1857ರ ದಂಗೆಯನ್ನು ಅಡಗಿಸಿದ ಖರ್ಚಿನಿಂದ ಖಜಾನೆ ಬರಿದಾಗಿತ್ತು. ಅದನ್ನು ತುಂಬಿಸಲು ಲಂಡನ್ನಿನಿಂದ ಬಂದವನು ಜೇಮ್ಸ್ ವಿಲ್ಸನ್, ‘ದಿ ಎಕನಾಮಿಸ್ಟ್’ ಪತ್ರಿಕೆ ಶುರು ಮಾಡಿದ ಆಸಾಮಿ. ವರ್ಷಕ್ಕೆ ₹200 ದಾಟಿದ ಆದಾಯಕ್ಕೆ ತೆರಿಗೆ ಹಾಕಿದ. ಕಾನೂನು ಜಾರಿಯಾದ ಕೆಲವೇ ವಾರಗಳಲ್ಲಿ ಕಲ್ಕತ್ತೆಯಲ್ಲಿ ಭೇದಿಯಾಗಿ ತೀರಿಕೊಂಡ. ಅವನ ತೆರಿಗೆ ಐದು ವರ್ಷಕ್ಕೆ ಅಂತ ಬಂದಿದ್ದು, ಹೋಗಿ ಬಂದು ಮಾಡಿ, ಕೊನೆಗೆ 1922ರ ಕಾಯ್ದೆಯಾಗಿ ಗಟ್ಟಿಯಾಯಿತು. ಆದರೆ ಆ ಕಾಯ್ದೆಯಲ್ಲೂ ಮನೆ ಮಾರಿದ ಲಾಭಕ್ಕೆ ತೆರಿಗೆ ಇರಲಿಲ್ಲ. ಮನೆ ಬಾಡಿಗೆಗೆ ಇತ್ತು, ಮನೆ ಮಾರಾಟಕ್ಕೆ ಇರಲಿಲ್ಲ.

ಯಾಕೆ ಇರಲಿಲ್ಲ ಅನ್ನೋದನ್ನ ನಮ್ಮಪ್ಪ ಒಂದೇ ಮಾತಲ್ಲಿ ಹೇಳಿದರು. ನಮ್ಮದು ತಿಪಟೂರು ಸೀಮೆಯ ಹಳ್ಳಿ, ತೆಂಗು ಬಿಟ್ಟರೆ ನಮಗೆ ಬೇರೆ ಉದಾಹರಣೆ ಹೊಳೆಯಲ್ಲ. ನಾನು ಬೆಂಗಳೂರಿನ ಹಳೇ ಫ್ಲಾಟ್ ಮಾರಿ ತೆರಿಗೆ ಲೆಕ್ಕ ಹಾಕ್ತಾ ಕೂತಿದ್ದಾಗ ಅವರು ಪಕ್ಕದಲ್ಲೇ ಇದ್ದರು. “ಅಲ್ಲ ಕಣಪ್ಪ, ಕಾಯಿ ಮಾರಿದ್ರೆ ಅದು ಸಂಪಾದ್ನೆ. ಮರಾನೇ ಮಾರ್ಕಂಡ್ರೆ ಅದು ಹೆಂಗೆ ಸಂಪಾದ್ನೆ ಆಯ್ತದೆ? ಕೈಲಿದ್ದಿದ್ದು ಹೋಯ್ತು ಅಷ್ಟೆ” ಅಂದರು.

ಲಂಡನ್ನಿನ ಪ್ರಿವಿ ಕೌನ್ಸಿಲ್ 1932ರಲ್ಲಿ ಹೇಳಿದ್ದೂ ಹೆಚ್ಚು ಕಮ್ಮಿ ಇದನ್ನೇ. ಶಾ ವ್ಯಾಲೇಸ್ ಕಂಪನಿಯ ಪ್ರಕರಣದಲ್ಲಿ ಸರ್ ಜಾರ್ಜ್ ಲೌಂಡ್ಸ್ ಆದಾಯ ಅಂದರೇನು ಅಂತ ವಿವರಿಸುವಾಗ ಮರದ ಹಣ್ಣು, ಹೊಲದ ಬೆಳೆ ಎಂಬ ಹೋಲಿಕೆಯನ್ನೇ ಎತ್ತಿಕೊಂಡರು. ಒಂದು ಖಚಿತ ಮೂಲದಿಂದ ಆಗಾಗ ಬರುತ್ತಲೇ ಇರುವಂಥದ್ದು ಆದಾಯ. ಮೂಲವೇ ಕೈಬಿಟ್ಟು ಹೋದಾಗ ಸಿಕ್ಕ ದುಡ್ಡು ಆ ಲೆಕ್ಕಕ್ಕೆ ಬರಲ್ಲ. ಅಪ್ಪನಿಗೆ ಪ್ರಿವಿ ಕೌನ್ಸಿಲ್ಲಿನ ಬೆಂಬಲ ಇದೆ ಅಂತ ಹೇಳಿದೆ. ಖುಷಿಯಾದರು.

ಆದರೆ ಆ ಬೆಂಬಲ ಬಾಳಿದ್ದು ಹದಿನೈದು ವರ್ಷ ಮಾತ್ರ. 1947ರ ಫೆಬ್ರವರಿ 28ರಂದು ಮಧ್ಯಂತರ ಸರ್ಕಾರದ ಹಣಕಾಸು ಸದಸ್ಯ ಲಿಯಾಖತ್ ಅಲಿ ಖಾನ್ ಬಜೆಟ್ ಮಂಡಿಸಿದರು. ಆರು ತಿಂಗಳು ಕಳೆಯುವುದರೊಳಗೆ ಅವರು ಪಾಕಿಸ್ತಾನದ ಮೊದಲ ಪ್ರಧಾನಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಎಲ್ಲದರ ಬೆಲೆಯೂ ಏರಿತ್ತು, ಕೆಲವರ ಕೈಯಲ್ಲಿ ಭಾರಿ ದುಡ್ಡು ಸೇರಿತ್ತು. ಬಡವರ ಬಜೆಟ್ ಅಂತ ಹೆಸರಾದ ಆ ಬಜೆಟ್ಟಿನಲ್ಲಿ ಉಪ್ಪಿನ ತೆರಿಗೆ ಹೋಯಿತು, ₹1 ಲಕ್ಷ ಮೀರಿದ ವ್ಯಾಪಾರದ ಲಾಭಕ್ಕೆ ಶೇ. 25ರ ವಿಶೇಷ ತೆರಿಗೆ ಬಂತು, ಜೊತೆಗೆ ಮೊದಲ ಸಲ ಆಸ್ತಿ ಮಾರಿದ ಲಾಭಕ್ಕೂ ತೆರಿಗೆ ಬಂತು.

ಉದ್ಯಮಿಗಳು ಗುಲ್ಲೆಬ್ಬಿಸಿದರು. ಅವರಲ್ಲಿ ಬಹಳ ಮಂದಿ ಕಾಂಗ್ರೆಸ್ಸಿನ ಬೆನ್ನಿಗಿದ್ದವರು. ಇದು ತೆರಿಗೆ ಅಲ್ಲ, ನಮ್ಮ ಮೇಲಿನ ರಾಜಕೀಯ ಅಂತ ಪಕ್ಷದೊಳಗೇ ಹಲವರು ಗೊಣಗಿದರು. ಗದ್ದಲದ ನಡುವೆ ವ್ಯಾಪಾರದ ಲಾಭದ ತೆರಿಗೆ ಶೇ. 16⅔ಕ್ಕೆ ಇಳಿಯಿತು. ಆಸ್ತಿ ಲಾಭದ ತೆರಿಗೆ ಉಳಿದರೂ ₹15,000ದವರೆಗಿನ ಲಾಭವನ್ನು ಬಿಟ್ಟರು. ಆ ಕಾಲಕ್ಕೆ ಅದು ಸಣ್ಣ ಮೊತ್ತ ಅಲ್ಲ. ಇನ್ನೊಂದು ಮುಖ್ಯವಾದ ಸವಲತ್ತೂ ಇತ್ತು. ಆಸ್ತಿ ತುಂಬಾ ಹಳೇದಾಗಿದ್ದರೆ ಕೊಂಡ ಬೆಲೆಯ ಬದಲು 1939ರ ಜನವರಿ 1ರಂದು ಅದರ ಬೆಲೆ ಎಷ್ಟಿತ್ತೋ ಅದನ್ನೇ ಹಿಡಿಯಬಹುದಿತ್ತು. ಈ ದಿನಾಂಕವನ್ನು ನೆನಪಿಟ್ಟುಕೊಳ್ಳಿ, ಇದು ಮುಂದೆ ನಡೆಯುತ್ತಾ ಹೋಗುತ್ತೆ.

ಸ್ವಾತಂತ್ರ್ಯ ಬಂದ ಮೇಲೆ 1949ರ ಬಜೆಟ್ಟಿನಲ್ಲಿ ಹಣಕಾಸು ಸಚಿವ ಜಾನ್ ಮಥಾಯ್ ಈ ತೆರಿಗೆಯನ್ನು ಕಿತ್ತುಹಾಕಿದರು. ಬಂದ ದುಡ್ಡು ಕಮ್ಮಿ, ಬಂಡವಾಳ ಹೂಡುವವರಿಗೆ ಹುಟ್ಟಿಸಿದ ಅಂಜಿಕೆ ಜಾಸ್ತಿ ಅನ್ನೋದು ವಾದ. ಹಾಗಾಗಿ ಮೊದಲ ಸುತ್ತಿನಲ್ಲಿ ಈ ತೆರಿಗೆ ಬದುಕಿದ್ದು 1946ರ ಏಪ್ರಿಲ್‌ನಿಂದ 1948ರ ಮಾರ್ಚ್‌ವರೆಗೆ ಆದ ಮಾರಾಟಗಳಿಗೆ ಮಾತ್ರ. ಬರೀ ಎರಡು ವರ್ಷ.

ಆ ಎರಡು ವರ್ಷದಲ್ಲಿ ಸಿಕ್ಕಿಬಿದ್ದವರಲ್ಲಿ ಉದ್ಯಮಿ ನವೀನಚಂದ್ರ ಮಫತ್‌ಲಾಲ್ ಒಬ್ಬರು. 1946ರಲ್ಲಿ ಬೊಂಬಾಯಿಯ ಕೆಲವು ಆಸ್ತಿಗಳನ್ನು ಸಹ-ಮಾಲೀಕರ ಜೊತೆ ಸೇರಿ ಮಾರಿದ್ದರು. ಲಾಭದಲ್ಲಿ ಅವರ ಅರ್ಧ ಪಾಲು ₹9,38,011. ಅವರು ಎತ್ತಿದ ಪ್ರಶ್ನೆ ಲೆಕ್ಕದ್ದಲ್ಲ, ಬುಡದ್ದು. 1935ರ ಭಾರತ ಸರ್ಕಾರ ಕಾಯ್ದೆ ಕೇಂದ್ರಕ್ಕೆ ಕೊಟ್ಟಿದ್ದು ‘ಆದಾಯ’ಕ್ಕೆ ತೆರಿಗೆ ಹಾಕುವ ಅಧಿಕಾರ. ಮನೆ ಮಾರಿದ ದುಡ್ಡು ಆದಾಯವೇ ಅಲ್ಲ ಅಂದ ಮೇಲೆ ಈ ತೆರಿಗೆ ಹಾಕಲು ನೀವ್ಯಾರು? ಮರ ಮತ್ತು ಹಣ್ಣಿನ ವಾದ ಮತ್ತೆ ಕೋರ್ಟಿಗೆ ಬಂತು.

1954ರಲ್ಲಿ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿತು. ಹಣ್ಣಿನ ಹೋಲಿಕೆ 1922ರ ಕಾಯ್ದೆಯ ಒಂದು ಪದವನ್ನು ಬಿಡಿಸಿ ಹೇಳಲು ಬಳಸಿದ್ದು. ಶಾಸನಸಭೆಗೆ ಅಧಿಕಾರ ಕೊಡುವ ಪಟ್ಟಿಯಲ್ಲಿ ಬರುವ ಪದಕ್ಕೆ ಅಷ್ಟು ಇಕ್ಕಟ್ಟಿನ ಅರ್ಥ ಸಲ್ಲದು. ಅಲ್ಲಿ ‘ಆದಾಯ’ ಅಂದರೆ ಕೈಗೆ ಬಂದಿದ್ದು ಎಂಬ ವಿಶಾಲ ಅರ್ಥ, ಆಸ್ತಿ ಲಾಭವೂ ಅದರೊಳಗೆ ಬರುತ್ತೆ. ತಮಾಷೆ ನೋಡಿ, ತೀರ್ಪು ಬಂದಾಗ ದೇಶದಲ್ಲಿ ಆ ತೆರಿಗೆಯೇ ಇರಲಿಲ್ಲ. ಆದರೆ ಮತ್ತೆ ತರಲು ಬಾಗಿಲು ತೆರೆದಂತಾಯಿತು.

ಬಾಗಿಲಿನೊಳಗೆ ಬಂದವರು ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ನಿಕೋಲಸ್ ಕಾಲ್ಡರ್. ಭಾರತದ ತೆರಿಗೆ ಪದ್ಧತಿಯನ್ನು ನೋಡಿ ಹೇಳಿ ಅಂತ ಸರ್ಕಾರವೇ ಕರೆಸಿತ್ತು. 1956ರ ವರದಿಯಲ್ಲಿ ಅವರು ಆಸ್ತಿ ಲಾಭ, ಸಂಪತ್ತು, ಖರ್ಚು, ದಾನ ನಾಲ್ಕಕ್ಕೂ ತೆರಿಗೆ ಹಾಕಿ, ಒಂದು ಇನ್ನೊಂದರ ಕಳ್ಳತನ ಹಿಡಿಯುತ್ತೆ ಅಂದರು. ಅವರ ವಾದ ಸಂಬಳದವರಾದ ನಾವು ಒಪ್ಪುವಂಥದ್ದೇ. ತಿಂಗಳ ಸಂಬಳ ತಗೊಳ್ಳುವವನು ಪೂರ್ತಿ ತೆರಿಗೆ ಕಟ್ಟುತ್ತಾನೆ, ಆಸ್ತಿ ಕೊಂಡು ಮಾರಿ ಅಷ್ಟೇ ದುಡ್ಡು ಮಾಡಿದವನು ಏನೂ ಕಟ್ಟಲ್ಲ ಅಂದ್ರೆ ಅದ್ಯಾವ ನ್ಯಾಯ? ಅದೇ ವರ್ಷದ ಕೊನೆಗೆ ಟಿ. ಟಿ. ಕೃಷ್ಣಮಾಚಾರಿ ಆಸ್ತಿ ಲಾಭದ ತೆರಿಗೆಯನ್ನು ವಾಪಸ್ ತಂದರು. ಕಾಲ್ಡರ್ ಹೇಳಿದ ಬೇರೆ ಮೂರು ತೆರಿಗೆಗಳು ಕಾಲಾಂತರದಲ್ಲಿ ಒಂದೊಂದಾಗಿ ಬಿದ್ದುಹೋದವು. ಇದೊಂದು ನಿಂತಿತು.

ಹಳ್ಳಿಯವರಿಗೆ ಮಾತ್ರ ಒಂದು ರಿಯಾಯಿತಿ ಮೊದಲಿಂದಲೂ ಇದೆ. ಕೃಷಿ ಜಮೀನು ಈ ತೆರಿಗೆಯ ಹೊರಗಿತ್ತು. 1970ರಲ್ಲಿ ಪಟ್ಟಣದೊಳಗಿನ ಮತ್ತು ಪಟ್ಟಣಕ್ಕೆ ಅಂಟಿಕೊಂಡ ಜಮೀನನ್ನು ಒಳಗೆ ಎಳೆದುಕೊಂಡರು. ಊರಿಂದ ದೂರ ಇರುವ ಜಮೀನು ಇವತ್ತಿಗೂ ಕಾನೂನಿನ ಕಣ್ಣಲ್ಲಿ ‘ಕ್ಯಾಪಿಟಲ್ ಅಸೆಟ್’ ಅಲ್ಲ. ಅಪ್ಪ ತಮ್ಮ ತೋಟ ಮಾರಿದರೆ ಅವರ ವಾದ ಗೆಲ್ಲುತ್ತೆ. ನನ್ನ ಫ್ಲಾಟಿಗೆ ಗೆಲ್ಲಲ್ಲ.

ಈಗ ಖಾನೆಗಳಿಗೆ ಬರೋಣ. ಮೊದಲು ವಿನಾಯಿತಿಯ ಖಾನೆ. 1961ರ ಕಾಯ್ದೆಯ ಸೆಕ್ಷನ್ 54 ಹೇಳಿದ್ದು: ವಾಸದ ಮನೆ ಮಾರಿ ಬಂದ ಲಾಭವನ್ನು ಇನ್ನೊಂದು ವಾಸದ ಮನೆಗೆ ಹಾಕಿದರೆ ಆ ಲಾಭಕ್ಕೆ ತೆರಿಗೆ ಇಲ್ಲ. ಶುರುವಿನಲ್ಲಿ ಅದು ತಾನು ಅಥವಾ ತನ್ನ ತಂದೆ ತಾಯಿ ವಾಸವಿದ್ದ ಮನೆಗೆ ಮಾತ್ರ. ಬಾಡಿಗೆಗೆ ಕೊಟ್ಟ ಎರಡನೇ ಮನೆಗೆ ಸಿಗುತ್ತಿರಲಿಲ್ಲ. ಎಂಬತ್ತರ ದಶಕದಲ್ಲಿ ಆ ಷರತ್ತು ಹೋಯಿತು. ನಿಮ್ಮ ಎರಡನೇ ಮನೆಗೂ ಇವತ್ತು ಸೆಕ್ಷನ್ 54 ಅನ್ವಯಿಸೋದು ಆ ತಿದ್ದುಪಡಿಯಿಂದ.

ಆಮೇಲಿನ ಜಗಳ ನಮ್ಮ ಬೆಂಗಳೂರಿನದೇ. ಕಾಯ್ದೆಯಲ್ಲಿ ‘ಎ ರೆಸಿಡೆನ್ಶಿಯಲ್ ಹೌಸ್’ ಅಂತ ಇತ್ತು. ಆ ‘ಎ’ ಅಂದರೆ ಒಂದೇ ಒಂದಾ? ಒಬ್ಬರು ಅಕ್ಕಪಕ್ಕದ ಎರಡು ಫ್ಲಾಟ್ ಕೊಂಡು ನಡುವೆ ಬಾಗಿಲು ತೆಗೆಸಿ ಒಂದು ಮನೆ ಮಾಡಿಕೊಂಡರು. ಇನ್ನೊಬ್ಬರು ತಮ್ಮ ಜಾಗವನ್ನು ಬಿಲ್ಡರ್‌ಗೆ ಜಾಯಿಂಟ್ ಡೆವಲಪ್‌ಮೆಂಟಿಗೆ ಕೊಟ್ಟು ನಾಲ್ಕು ಫ್ಲಾಟ್ ಪಡೆದರು. ಎರಡೂ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ತೆರಿಗೆದಾರರ ಪರ ನಿಂತಿತು. ಆ ‘ಎ’ಯನ್ನು ಏಕವಚನ ಅಂತಲೇ ಓದಬೇಕಾಗಿಲ್ಲ ಅಂದಿತು. ಸಂಸತ್ತು 2014ರಲ್ಲಿ ಪ್ಯಾಚ್ ಬಿಡುಗಡೆ ಮಾಡಿತು. ‘ಎ’ ತೆಗೆದು ‘ಒನ್’ ಹಾಕಿತು, ಜೊತೆಗೆ ಆ ಮನೆ ಭಾರತದಲ್ಲೇ ಇರಬೇಕು ಅಂತಲೂ ಸೇರಿಸಿತು. 2019ರಲ್ಲಿ ಒಂದಿಷ್ಟು ಸಡಿಲ ಮಾಡಿ, ಲಾಭ ₹2 ಕೋಟಿ ಒಳಗಿದ್ದರೆ ಜೀವನದಲ್ಲಿ ಒಂದು ಸಲ ಎರಡು ಮನೆ ಕೊಳ್ಳಬಹುದು ಅಂದಿತು. 2023ರಲ್ಲಿ ವಿನಾಯಿತಿಗೆ ₹10 ಕೋಟಿಯ ಮಿತಿ ಹಾಕಿತು.

ಇನ್ನು ಮಾರಿದ ಬೆಲೆಯ ಖಾನೆ. ಇದರ ಇತಿಹಾಸ ಅಂದರೆ ಕಪ್ಪು ಹಣದ ಇತಿಹಾಸ. ಎರ್ನಾಕುಲಂನಲ್ಲಿ ಒಬ್ಬರು 1958ರಲ್ಲಿ ₹16,500ಕ್ಕೆ ಮನೆ ಕೊಂಡು, 1965ರಲ್ಲಿ ಅದೇ ₹16,500ಕ್ಕೆ ಸೊಸೆಗೂ ಐವರು ಮಕ್ಕಳಿಗೂ ಮಾರಿದರು. ಮನೆಯ ಪೇಟೆ ಬೆಲೆ ₹65,000, ವ್ಯತ್ಯಾಸ ನಿಮ್ಮ ಲಾಭ ಅಂತ ಅಧಿಕಾರಿ ಹಿಡಿದರು. ವರ್ಗೀಸ್ ಪ್ರಕರಣ ಅಂತಲೇ ಹೆಸರಾದ ಇದರಲ್ಲಿ ಸುಪ್ರೀಂ ಕೋರ್ಟ್ 1981ರಲ್ಲಿ ಹೇಳಿದ್ದು: ಕೈಗೆ ಬರದ ದುಡ್ಡಿಗೆ ತೆರಿಗೆ ಹಾಕುವಂತಿಲ್ಲ, ಹೆಚ್ಚು ಪಡೆದು ಕಮ್ಮಿ ತೋರಿಸಿದ್ದಾರೆ ಅಂತ ಸಾಬೀತು ಮಾಡೋದು ಇಲಾಖೆಯ ಹೊಣೆ. ಪ್ರಾಮಾಣಿಕರಿಗೆ ಅದು ದೊಡ್ಡ ರಕ್ಷಣೆ. ಆದರೆ ಬ್ಲ್ಯಾಕಿನಲ್ಲಿ ತಗೊಂಡ ದುಡ್ಡಿಗೆ ಸಾಕ್ಷಿ ತರೋದು ಎಲ್ಲಿಂದ?

ಸರ್ಕಾರ 1986ರಲ್ಲಿ ಇನ್ನೊಂದು ದಾರಿ ಹಿಡಿಯಿತು. ದೊಡ್ಡ ನಗರಗಳಲ್ಲಿ ಬೆಲೆ ಕಮ್ಮಿ ತೋರಿಸಿದ್ದಾರೆ ಅನ್ನಿಸಿದರೆ, ತೋರಿಸಿದ ಬೆಲೆಗೆ ಆ ಆಸ್ತಿಯನ್ನು ತಾನೇ ಕೊಂಡುಬಿಡುವ ಅಧಿಕಾರ ತಗೊಂಡಿತು. 2002ರಲ್ಲಿ ಅದನ್ನೂ ಕೈಬಿಟ್ಟು, 2003ರ ಏಪ್ರಿಲ್‌ನಿಂದ ಸೆಕ್ಷನ್ 50ಸಿ ತಂದಿತು. ನೀವು ಎಷ್ಟಕ್ಕೇ ಮಾರಿ, ಸ್ಟ್ಯಾಂಪ್ ಡ್ಯೂಟಿಗೆ ಹಿಡಿದ ಬೆಲೆ, ಅಂದರೆ ಸಬ್‌ರಿಜಿಸ್ಟ್ರಾರ್ ಆಫೀಸಿನ ಗೈಡೆನ್ಸ್ ವ್ಯಾಲ್ಯೂ, ಅದಕ್ಕಿಂತ ಜಾಸ್ತಿ ಇದ್ದರೆ ಅದೇ ನಿಮ್ಮ ಮಾರಾಟದ ಬೆಲೆ. ಈಗ ಶೇ. 10ರವರೆಗಿನ ವ್ಯತ್ಯಾಸ ಮಾತ್ರ ಬಿಡುತ್ತಾರೆ. ವರ್ಗೀಸ್ ಪ್ರಕರಣದಲ್ಲಿ ಇಲಾಖೆಯ ಮೇಲೆ ಬಿದ್ದ ಹೊಣೆ ತಿರುಗಿ ಮಾರುವವರ ಹೆಗಲಿಗೆ ಬಂತು. 2013ರ ಜೂನ್‌ನಿಂದ ₹50 ಲಕ್ಷ ಮತ್ತು ಮೇಲ್ಪಟ್ಟ ಮಾರಾಟಕ್ಕೆ ಕೊಳ್ಳುವವರೇ ಶೇ. 1 ಟಿಡಿಎಸ್ ಹಿಡಿಯಬೇಕು ಅಂತಾಯಿತು. ನಾನು ಫ್ಲಾಟ್ ಮಾರುವಾಗಲೂ ಒಬ್ಬ ಬ್ರೋಕರ್ “ಸಾರ್, ಒಂದಿಪ್ಪತ್ತು ಕ್ಯಾಶಲ್ಲಿ ತಗೊಂಬಿಡಿ, ಇಬ್ಬರಿಗೂ ಉಳಿಯುತ್ತೆ” ಅಂದಿದ್ದ. ಬೇಡ ಅಂದೆ. ನಮ್ಮಿಬ್ಬರಿಗೆ ಏನೋ ಉಳಿಯಬಹುದು. ಸಂಬಳದಿಂದ ಪ್ರತಿ ತಿಂಗಳೂ ಹಿಡಿಸಿಕೊಂಡು ಉಳಿದವರ ಕಳ್ಳತನದ ಬಗ್ಗೆ ಬೈಯುವ ನನಗೆ ಅದು ಹೊಂದಲ್ಲ.

ಮೂರನೇದು ಕೊಂಡ ಬೆಲೆಯ ಖಾನೆ. ಇಡೀ ಕಥೆಯ ಗಂಟು ಇರೋದು ಇಲ್ಲೇ. ಬೆಂಗಳೂರಿನ ಒಂದು ಊದುಬತ್ತಿ ಸಂಸ್ಥೆ, ಬಿ. ಸಿ. ಶ್ರೀನಿವಾಸ ಶೆಟ್ಟಿ, 1965ರ ಕೊನೆಗೆ ಪಾಲುದಾರಿಕೆ ಮುಗಿಸಿದಾಗ ಅದರ ‘ಗುಡ್‌ವಿಲ್’ಗೆ ₹1,50,000 ಬೆಲೆ ಕಟ್ಟಿದ್ದರು. ಇದು ಲಾಭ, ತೆರಿಗೆ ಕಟ್ಟಿ ಅಂತ ಇಲಾಖೆ. ಸಂಪಾದಿಸಿದ ಹೆಸರಿಗೆ ಕೊಂಡ ಬೆಲೆ ಅಂತ ಎಲ್ಲಿದೆ? ಕಳೆಯಲು ಒಂದು ಸಂಖ್ಯೆಯೇ ಇಲ್ಲದ ಮೇಲೆ ಲಾಭದ ಲೆಕ್ಕವೇ ನಡೆಯಲ್ಲ, ಲೆಕ್ಕ ನಡೆಯದಿದ್ದರೆ ತೆರಿಗೆಯೂ ಇಲ್ಲ ಅಂತ 1981ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಗುಡ್‌ವಿಲ್ ಬಗ್ಗೆ ಕಾನೂನು ಆಮೇಲೆ ಬದಲಾಯಿತು, ಆದರೆ ತೀರ್ಪಿನ ತಿರುಳು ಇವತ್ತಿಗೂ ಪಾಠ. ಕೊಂಡ ಬೆಲೆ ಈ ತೆರಿಗೆಯ ಅರ್ಧ ಪ್ರಾಣ.

ಆದರೆ ಯಾವ ಕಾಲದ ಬೆಲೆ? ಅಜ್ಜ ಕೊಟ್ಟ ಒಂದು ರೂಪಾಯಿ, ನಾನು ಪಡೆಯುವ ಒಂದು ರೂಪಾಯಿ ಎರಡೂ ಒಂದೇನಾ? ಸರ್ಕಾರಕ್ಕೂ ಇದು ಗೊತ್ತಿತ್ತು. 1939ರ ಆ ದಿನಾಂಕ ಬಂದಿದ್ದೇ ಅದಕ್ಕೆ. 1956ರಲ್ಲಿ ಅದು 1954ಕ್ಕೆ ಸರಿಯಿತು. ಆಮೇಲೆ 1964, 1974, 1981. ಕೊನೆಗೆ 2017ರ ಬಜೆಟ್ಟಿನಲ್ಲಿ 2001. ಅದಕ್ಕೂ ಹಳೇ ಆಸ್ತಿಯಾದರೆ ಆ ದಿನದ ಪೇಟೆ ಬೆಲೆಯನ್ನೇ ಕೊಂಡ ಬೆಲೆ ಅನ್ನಬಹುದು. ಆದರೆ ಇದು ಹಳೇ ಆಸ್ತಿಗೆ ಮಾತ್ರ ಔಷಧಿ. ಆಮೇಲೆ ಕೊಂಡವರ ಪಾಡು?

ಅದಕ್ಕೆ ಉತ್ತರ ಬಂದಿದ್ದು 1992ರಲ್ಲಿ. ರಾಜಾ ಚೆಲ್ಲಯ್ಯ ಸಮಿತಿಯ ಶಿಫಾರಸಿನಂತೆ ಮನಮೋಹನ್ ಸಿಂಗ್ ಇಂಡೆಕ್ಸೇಷನ್ ತಂದರು. ಅಲ್ಲಿಯವರೆಗೆ ಎಷ್ಟು ವರ್ಷ ಇಟ್ಟುಕೊಂಡರೂ ಲಾಭದಲ್ಲಿ ಒಂದು ಪಾಲನ್ನು ಒಂದೇ ಸಮ ಬಿಡುತ್ತಿದ್ದರು. ಇನ್ನು ಮೇಲೆ ವರ್ಷ ವರ್ಷವೂ ಒಂದು ಸೂಚ್ಯಂಕ. ಅದರಿಂದ ಕೊಂಡ ಬೆಲೆಯನ್ನು ಹಿಗ್ಗಿಸಿ, ಉಳಿದ ಲಾಭಕ್ಕೆ ಶೇ. 20. ಆ ಸೂಚ್ಯಂಕವೂ ಹಣದುಬ್ಬರದ ಮುಕ್ಕಾಲು ಪಾಲನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳುತ್ತೆ. ಆದರೂ ‘ರೂಪಾಯಿ ಸವೆದಿದ್ದು ನಿನ್ನ ಲಾಭ ಅಲ್ಲ’ ಅಂತ ಸರ್ಕಾರ ಮೊದಲ ಸಲ ಲೆಕ್ಕದಲ್ಲೇ ಒಪ್ಪಿಕೊಂಡಿತ್ತು.

ಮೂವತ್ತೆರಡು ವರ್ಷ ಆದ ಮೇಲೆ, 2024ರ ಜುಲೈ 23ರ ಬಜೆಟ್ಟಿನಲ್ಲಿ, ಆ ಒಪ್ಪಿಗೆಯನ್ನು ವಾಪಸ್ ತಗೊಂಡರು. ಇಂಡೆಕ್ಸೇಷನ್ ಇಲ್ಲ, ಬದಲಿಗೆ ದರ ಶೇ. 12.5. ಎಲ್ಲಾ ಆಸ್ತಿಗೂ ಒಂದೇ ದರ, ಲೆಕ್ಕ ಸರಳ ಅಂತ ಸಮರ್ಥನೆ. ಗಲಾಟೆಯಾಯಿತು. ಎರಡೇ ವಾರದಲ್ಲಿ ತಿದ್ದುಪಡಿ ಬಂತು. ಜುಲೈ 23ಕ್ಕೆ ಮೊದಲು ಕೊಂಡ ಮನೆ, ಜಾಗಕ್ಕೆ ದೇಶದಲ್ಲಿರುವ ವ್ಯಕ್ತಿಗಳು ಮತ್ತು ಅವಿಭಕ್ತ ಕುಟುಂಬಗಳು ಎರಡೂ ಲೆಕ್ಕ ಹಾಕಿ ಕಮ್ಮಿ ಇದ್ದಿದ್ದನ್ನು ಕಟ್ಟಬಹುದು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಹಳೇ ವರ್ಷನ್‌ಗೂ ಸಪೋರ್ಟ್.

ವ್ಯತ್ಯಾಸ ಎಷ್ಟು ಅಂತ ಒಂದು ಲೆಕ್ಕ ನೋಡಿ. 2011-12ರಲ್ಲಿ ₹30 ಲಕ್ಷಕ್ಕೆ ಕೊಂಡ ಫ್ಲಾಟನ್ನು 2024ರ ಅಕ್ಟೋಬರ್‌ನಲ್ಲಿ ₹62 ಲಕ್ಷಕ್ಕೆ ಮಾರಿದ್ದೀರಿ. ಕೊಂಡ ವರ್ಷದ ಸೂಚ್ಯಂಕ 184, ಮಾರಿದ ವರ್ಷದ್ದು 363. ಹಿಗ್ಗಿಸಿದ ಬೆಲೆ ₹59,18,478. ನಿಜವಾದ ಲಾಭ ₹2,81,522. ಶೇ. 20ರಂತೆ ತೆರಿಗೆ ಸುಮಾರು ₹56,300. ಹೊಸ ಲೆಕ್ಕದಲ್ಲಿ ಲಾಭ ₹32 ಲಕ್ಷ, ಶೇ. 12.5ರಂತೆ ತೆರಿಗೆ ₹4 ಲಕ್ಷ. ಸೆಸ್ ಬೇರೆ. ಅದೇ ಫ್ಲಾಟ್ ₹1.2 ಕೋಟಿಗೆ ಹೋಗಿದ್ದರೆ? ಹಳೇದರಲ್ಲಿ ಸುಮಾರು ₹12.16 ಲಕ್ಷ, ಹೊಸದರಲ್ಲಿ ₹11.25 ಲಕ್ಷ. ಅಂದರೆ ಬೆಲೆ ಹಾರಿ ಏರಿದ ಆಸ್ತಿಗೆ ಹೊಸ ಪದ್ಧತಿ ಲಾಭ. ನಿಧಾನಕ್ಕೆ ಏರಿದ, ಸಾಧಾರಣ ಮನೆಗೆ ನಷ್ಟ. ನಮ್ಮಂಥವರು ಊರಾಚೆ ಕೊಂಡ ಬಹುಪಾಲು ಫ್ಲಾಟು ಎರಡನೇ ಜಾತಿಯವು.

ತೆರಿಗೆ ಇರಬೇಕಾ ಅನ್ನೋದರಲ್ಲಿ ನಾನು ಅಪ್ಪನ ಪಕ್ಷ ಅಲ್ಲ, ಕಾಲ್ಡರ್ ಪಕ್ಷ. ಸಂಬಳಕ್ಕೆ ತೆರಿಗೆ ಇರುವ ದೇಶದಲ್ಲಿ ಆಸ್ತಿ ಲಾಭಕ್ಕೂ ಇರಬೇಕು. ಆದರೆ ತೆರಿಗೆ ಬೀಳಬೇಕಾದ್ದು ಲಾಭಕ್ಕೆ. ಇನ್ನೂರು ವರ್ಷನ್ ಬದಲಾದರೂ ಅದು ಬದಲಾಗಬಾರದು. 2024ರ ಜುಲೈ 23 ಅಥವಾ ಅದರ ನಂತರ ಮೊದಲ ಮನೆ ಕೊಂಡವರು, ಈಗ ಕೊಳ್ಳಲು ಹೊರಟಿರುವವರು ಇದನ್ನ ಗಮನಿಸಿ. ನಿಮಗೆ ಆಯ್ಕೆ ಇಲ್ಲ. ಹದಿನೈದು ವರ್ಷ ಆದಮೇಲೆ ಮಾರಿದಾಗ ಸವೆದ ರೂಪಾಯಿಗೂ ತೆರಿಗೆ ಕಟ್ಟುವವರು ನೀವು. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ. ಸೆಕ್ಷನ್ ನಂಬರುಗಳು ಬದಲು, ಈ ಪ್ರಶ್ನೆ ಹಾಗೇ ಇದೆ.

ಹಾಗಂತ ಕೈಚೆಲ್ಲಬೇಕಾಗಿಲ್ಲ. 1949ರಲ್ಲಿ ಹೋದ ತೆರಿಗೆ 1956ರಲ್ಲಿ ಬಂತು, 1992ರಲ್ಲಿ ಬಂದ ಸವಲತ್ತು 2024ರಲ್ಲಿ ಹೋಯಿತು, ಎರಡು ವಾರದ ಗಲಾಟೆಗೆ ಅರ್ಧ ವಾಪಸ್ ಬಂತು. ಕೇಳಿದವರಿಗೆ ಕೆಲವೊಮ್ಮೆ ಸಿಕ್ಕಿದೆ. ಅಲ್ಲಿಯವರೆಗೆ ನಮ್ಮ ಕೈಲಿರೋದು ಕೊಂಡ ಬೆಲೆಯ ಖಾನೆ. ಕ್ರಯಪತ್ರ, ಸ್ಟ್ಯಾಂಪ್ ಡ್ಯೂಟಿ ಮತ್ತು ನೋಂದಣಿ ಶುಲ್ಕದ ರಸೀದಿ, ಮನೆಗೆ ಹೊಸದಾಗಿ ಕಟ್ಟಿಸಿ ಸೇರಿಸಿದ್ದರ ಬಿಲ್ಲು, ಬ್ಯಾಂಕಿನಿಂದ ಕೊಟ್ಟಿದ್ದಕ್ಕೆ ಸಾಕ್ಷಿ, ಎಲ್ಲಾ ಒಂದು ಫೈಲಿನಲ್ಲಿ ಇರಲಿ. ಹೊಸ ಮನೆ ಹುಡುಕುವುದು ತಡವಾದರೆ ರಿಟರ್ನ್ ಕೊನೇ ದಿನಾಂಕದೊಳಗೆ ಲಾಭದ ದುಡ್ಡನ್ನು ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಗೆ ಹಾಕಿ. ಮಾರಿದ ಬೆಲೆಯನ್ನು ಮಾರಿದಷ್ಟೇ ಬರೆಯಿರಿ. ಎರಡೂ ಲೆಕ್ಕ ಹಾಕಲು ಅರ್ಧ ಗಂಟೆ ಸಾಕು.